ನಿಯೋಮ್‌ನ ಹಸಿರು ಅಮೋನಿಯಾ: ಮಾಡುವವರಿದ್ದಾರೆ, ಕೊಳ್ಳುವವರು ಯಾರು?

2025ರ ಡಿಸೆಂಬರ್‌ನಲ್ಲಿ ಬಂದ ಒಂದು ಸುದ್ದಿಯನ್ನು ನಮ್ಮಲ್ಲಿ ಹೆಚ್ಚಿನವರು ಗಮನಿಸಲಿಲ್ಲ. ಅಮೆರಿಕದ ಏರ್ ಪ್ರಾಡಕ್ಟ್ಸ್ ಮತ್ತು ನಾರ್ವೆಯ ಗೊಬ್ಬರ ಕಂಪನಿ ಯಾರಾ ಇಂಟರ್‌ನ್ಯಾಷನಲ್ ಒಂದು ಒಪ್ಪಂದದ ಮಾತುಕತೆಯಲ್ಲಿವೆ ಎಂಬುದು ಆ ಸುದ್ದಿ. ಸೌದಿಯ ನಿಯೋಮ್‌ನಲ್ಲಿ ತಯಾರಾಗಲಿರುವ ಹಸಿರು ಅಮೋನಿಯಾದ ಪೈಕಿ ಯುರೋಪಿನಲ್ಲಿ ಹೈಡ್ರೋಜನ್ ರೂಪದಲ್ಲಿ ಮಾರಾಟವಾಗದೆ ಉಳಿದದ್ದನ್ನು ಯಾರಾ ಕಮಿಷನ್ ಆಧಾರದ ಮೇಲೆ ಮಾರಿಕೊಡುತ್ತದೆ ಎನ್ನುವುದು ಅದರ ಒಂದು ಭಾಗ.

ಇದರಲ್ಲೇನು ವಿಶೇಷ ಅಂತ ಕೇಳಬಹುದು. ವಿಶೇಷ ಇದೆ. ಈ ಕಾರ್ಖಾನೆಯಿಂದ ಹೊರಬರುವ ಅಷ್ಟೂ ಅಮೋನಿಯಾವನ್ನು 30 ವರ್ಷ ತಾನೇ ಕೊಳ್ಳುತ್ತೇನೆ ಎಂದು ಏರ್ ಪ್ರಾಡಕ್ಟ್ಸ್ ಸಹಿ ಹಾಕಿದೆ. ಆ ಸಹಿ ನಂಬಿಯೇ ಬ್ಯಾಂಕುಗಳು ಸಾಲ ಕೊಟ್ಟಿವೆ. ಅಮೋನಿಯಾವನ್ನು ಹಡಗಿನಲ್ಲಿ ಯುರೋಪಿಗೆ ಸಾಗಿಸಿ, ಅಲ್ಲಿ ಒಡೆದು, ಹೈಡ್ರೋಜನ್ ಮಾಡಿ ಮಾರುವುದು ಮೂಲ ಯೋಜನೆಯಾಗಿತ್ತು. ಈಗ ಅದರಲ್ಲಿ ಒಂದು ಪಾಲು ಅಮೋನಿಯಾ ಆಗಿಯೇ, ಗೊಬ್ಬರದ ವ್ಯಾಪಾರದವರ ಕೈಯಿಂದ ಮಾರಾಟವಾಗುವ ಸೂಚನೆ ಕಾಣುತ್ತಿದೆ.

ನಾನಿರುವುದು ಹಾಯಿಲ್‌ನಲ್ಲಿ. ನಿಯೋಮ್ ಇಲ್ಲಿಂದ ವಾಯುವ್ಯಕ್ಕೆ, ತಬೂಕ್ ಪ್ರಾಂತ್ಯದ ಕೆಂಪು ಸಮುದ್ರದ ತೀರದಲ್ಲಿದೆ. ಸೌದಿಯಲ್ಲಿರುವ ಕನ್ನಡಿಗ ಎಂಜಿನಿಯರುಗಳು ಸೇರಿದ ಕಡೆಯೆಲ್ಲ ಹೈಡ್ರೋಜನ್ ಮಾತು ಬಂದೇ ಬರುತ್ತದೆ. ಆ ಕಡೆ ಕೆಲಸಕ್ಕೆ ಹೋಗಬೇಕೇ, ಷೇರು ಕೊಳ್ಳಬೇಕೇ, ಇದು ಇನ್ನೊಂದು ಗುಳ್ಳೆಯೇ ಎಂಬ ಪ್ರಶ್ನೆಗಳು. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಅಮೋನಿಯಾ ಅಮೋನಿಯಾ ಆಗಿಯೇ ಬಳಕೆಯಾಗುವ ಕಡೆ ಈ ವ್ಯಾಪಾರಕ್ಕೆ ನೆಲೆ ಇದೆ. ಅದನ್ನು ಮತ್ತೆ ಹೈಡ್ರೋಜನ್ ಆಗಿಸಿ ಮಾರುವ ಕಡೆ, ಇವತ್ತಿನ ಲೆಕ್ಕದಲ್ಲಿ, ಯಾವುದಾದರೂ ಸರ್ಕಾರ ವ್ಯತ್ಯಾಸದ ಹಣ ತುಂಬಿಕೊಡಬೇಕು. ಹೂಡಿಕೆದಾರ ಈ ಎರಡನ್ನೂ ಬೇರೆ ಬೇರೆ ನೋಡಬೇಕು.

ಹೈಡ್ರೋಜನ್ ಇರುವಾಗ ಅಮೋನಿಯಾ ಯಾಕೆ?

ಹೈಡ್ರೋಜನ್ ತಯಾರಿಸುವುದಕ್ಕಿಂತ ಅದನ್ನು ಸಾಗಿಸುವುದೇ ದೊಡ್ಡ ತಲೆನೋವು. ದ್ರವ ಮಾಡಬೇಕೆಂದರೆ ಮೈನಸ್ 253 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಬೇಕು. ಅಮೋನಿಯಾ ಮೈನಸ್ 33 ಡಿಗ್ರಿಗೇ ದ್ರವವಾಗುತ್ತದೆ. ಮಲ್ಪೆ, ಮಂಗಳೂರು ಕಡೆಯ ಮೀನಿನ ಐಸ್ ಪ್ಲಾಂಟ್‌ಗಳಲ್ಲಿ ದಶಕಗಳಿಂದ ಬಳಸುತ್ತಿರುವ ಅನಿಲ ಇದೇ.

ಅಮೋನಿಯಾದ ತೂಕದಲ್ಲಿ ಸುಮಾರು ಶೇ. 17.8ರಷ್ಟು ಹೈಡ್ರೋಜನ್ ಇದೆ. ಒಂದು ಘನ ಮೀಟರ್ ದ್ರವ ಹೈಡ್ರೋಜನ್‌ನಲ್ಲಿ ಇರುವುದು ಸುಮಾರು 71 ಕೆಜಿ ಹೈಡ್ರೋಜನ್. ಒಂದು ಘನ ಮೀಟರ್ ದ್ರವ ಅಮೋನಿಯಾದಲ್ಲಿ ಸುಮಾರು 120 ಕೆಜಿ. ಅಂದರೆ ಅದೇ ಅಳತೆಯ ಟ್ಯಾಂಕಿನಲ್ಲಿ ಅಮೋನಿಯಾ ರೂಪದಲ್ಲಿ ಹೆಚ್ಚು ಹೈಡ್ರೋಜನ್ ಹಿಡಿಯುತ್ತದೆ, ಅದೂ ತುಂಬಾ ಕಡಿಮೆ ತೊಂದರೆಯಲ್ಲಿ.

ಜೊತೆಗೆ, ಅಮೋನಿಯಾ ಹೊಸ ಸರಕಲ್ಲ. ಫ್ರಿಟ್ಜ್ ಹೇಬರ್ 1909ರಲ್ಲಿ ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದ್ದನ್ನು ಕಾರ್ಲ್ ಬಾಷ್ 1913ರಲ್ಲಿ ಜರ್ಮನಿಯ ಒಪ್ಪಾವ್‌ನಲ್ಲಿ ಕಾರ್ಖಾನೆಯ ಮಟ್ಟಕ್ಕೆ ತಂದರು. ಇವತ್ತು ಜಗತ್ತು ವರ್ಷಕ್ಕೆ ಸುಮಾರು 18 ಕೋಟಿ ಟನ್ ಅಮೋನಿಯಾ ತಯಾರಿಸುತ್ತದೆ. ಅದರಲ್ಲಿ ಸುಮಾರು ಶೇ. 70ರಷ್ಟು ಗೊಬ್ಬರಕ್ಕೆ ಹೋಗುತ್ತದೆ, ಹತ್ತನೇ ಒಂದು ಭಾಗದಷ್ಟು ಹಡಗುಗಳಲ್ಲಿ ದೇಶದಿಂದ ದೇಶಕ್ಕೆ ಸಾಗುತ್ತದೆ. ಟ್ಯಾಂಕರ್, ಬಂದರು, ಸುರಕ್ಷತಾ ನಿಯಮ, ವಿಮೆ ಎಲ್ಲವೂ ಈಗಾಗಲೇ ಇವೆ. ಅಮೋನಿಯಾ ವಿಷಕಾರಿ ಎನ್ನುವುದು ನಿಜ, ಸೋರಿದರೆ ಜೀವಕ್ಕೆ ಅಪಾಯ. ಆದರೆ ಅದನ್ನು ನಿಭಾಯಿಸುವುದು ಗೊತ್ತಿರುವ ಉದ್ಯಮ ನೂರು ವರ್ಷದಿಂದ ಇದೆ.

ಸಮಸ್ಯೆ ಇರುವುದು ಅದನ್ನು ಮಾಡುವ ವಿಧಾನದಲ್ಲಿ. ನೈಸರ್ಗಿಕ ಅನಿಲ ಅಥವಾ ಕಲ್ಲಿದ್ದಲಿನಿಂದ ಹೈಡ್ರೋಜನ್ ತೆಗೆಯುವುದರಿಂದ ಒಂದು ಟನ್ ಅಮೋನಿಯಾಗೆ ಸರಾಸರಿ 2 ಟನ್‌ಗಿಂತ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಆ ಕಾರ್ಬನ್ನನ್ನು ಹಿಡಿದು ಬೇರೆ ಕಡೆ ಬಳಸಿದರೆ ಅಥವಾ ನೆಲದೊಳಗೆ ಸೇರಿಸಿದರೆ ನೀಲಿ ಅಮೋನಿಯಾ. 2020ರ ಸೆಪ್ಟೆಂಬರ್‌ನಲ್ಲಿ ಸೌದಿ ಅರಾಮ್ಕೊ ಇಂಥ 40 ಟನ್ ಅಮೋನಿಯಾವನ್ನು ಜಪಾನಿಗೆ ಕಳಿಸಿತ್ತು. ಗಾಳಿ ಮತ್ತು ಬಿಸಿಲಿನ ವಿದ್ಯುತ್ತಿನಿಂದ ನೀರನ್ನು ಒಡೆದು ಹೈಡ್ರೋಜನ್ ಪಡೆದರೆ ಅದು ಹಸಿರು ಅಮೋನಿಯಾ. ನಿಯೋಮ್‌ನದ್ದು ಈ ಎರಡನೆಯ ಬಗೆ.

ಯೋಜನೆಯ ಅಂಕಿಗಳು

ನಿಯೋಮ್ ಗ್ರೀನ್ ಹೈಡ್ರೋಜನ್ ಕಂಪನಿಯಲ್ಲಿ ಮೂವರು ಸಮಾನ ಪಾಲುದಾರರು: ನಿಯೋಮ್, ಆಕ್ವಾ ಪವರ್ ಮತ್ತು ಏರ್ ಪ್ರಾಡಕ್ಟ್ಸ್. ಮುಖ್ಯ ಅಂಕಿಗಳು ಹೀಗಿವೆ:

- ಸುಮಾರು 4,000 ಮೆಗಾವ್ಯಾಟ್ ಗಾಳಿ ಮತ್ತು ಸೌರ ವಿದ್ಯುತ್. ನಮ್ಮ ಪಾವಗಡ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್‌ನದ್ದು. ಅದರ ಹೆಚ್ಚುಕಡಿಮೆ ಎರಡರಷ್ಟು.
- ದಿನಕ್ಕೆ ಗರಿಷ್ಠ 600 ಟನ್ ಹೈಡ್ರೋಜನ್.
- ವರ್ಷಕ್ಕೆ ಗರಿಷ್ಠ 12 ಲಕ್ಷ ಟನ್ ಹಸಿರು ಅಮೋನಿಯಾ.
- 2023ರ ಮೇನಲ್ಲಿ ಫೈನಾನ್ಷಿಯಲ್ ಕ್ಲೋಸ್ ಆದಾಗ ಒಟ್ಟು ಹೂಡಿಕೆ 840 ಕೋಟಿ ಡಾಲರ್. ಇದರಲ್ಲಿ 610 ಕೋಟಿ ಡಾಲರ್ ನಾನ್-ರಿಕೋರ್ಸ್ ಸಾಲ, 23 ಬ್ಯಾಂಕುಗಳಿಂದ.

ನಾನ್-ರಿಕೋರ್ಸ್ ಎಂದರೆ, ಯೋಜನೆ ಮುಳುಗಿದರೆ ಬ್ಯಾಂಕು ಯೋಜನೆಯ ಆಸ್ತಿಯ ಮೇಲೆ ಮಾತ್ರ ಹಕ್ಕು ಸಾಧಿಸಬಹುದು, ಪಾಲುದಾರ ಕಂಪನಿಗಳ ಬೇರೆ ಆಸ್ತಿಯ ಮೇಲೆ ಅಲ್ಲ. ಅಂಥ ಸಾಲ ಕೊಡುವ ಬ್ಯಾಂಕು ಮೊದಲು ಕೇಳುವುದೇ ಕೊಳ್ಳುವವರ ಸಹಿ.

ಕಂಪನಿಗಳು ಕೊಡುವ ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ನೋಡುವುದು ನನ್ನ ಅಭ್ಯಾಸ. ದಿನಕ್ಕೆ 600 ಟನ್ ಎಂದರೆ ವರ್ಷಕ್ಕೆ 2.19 ಲಕ್ಷ ಟನ್ ಹೈಡ್ರೋಜನ್. ಅದನ್ನು 0.178ರಿಂದ ಭಾಗಿಸಿದರೆ 12.3 ಲಕ್ಷ ಟನ್ ಅಮೋನಿಯಾ. ತಾಳೆಯಾಯಿತು. ಹಸಿರು ವಿಧಾನದಲ್ಲಿ ಒಂದು ಟನ್ ಅಮೋನಿಯಾಗೆ ಸುಮಾರು 10,000 ಯೂನಿಟ್ ವಿದ್ಯುತ್ ಬೇಕು. 12 ಲಕ್ಷ ಟನ್‌ಗೆ 1,200 ಕೋಟಿ ಯೂನಿಟ್. 4,000 ಮೆಗಾವ್ಯಾಟ್ ವರ್ಷವಿಡೀ ಸರಾಸರಿ ಶೇ. 34ರಷ್ಟು ಸಾಮರ್ಥ್ಯದಲ್ಲಿ ಓಡಿದರೆ ಇಷ್ಟು ಸಿಗುತ್ತದೆ. ಹಗಲು ಬಿಸಿಲು, ರಾತ್ರಿ ಗಾಳಿ ಇರುವ ಆ ಜಾಗಕ್ಕೆ ಇದು ಅಸಾಧ್ಯದ ಅಂಕಿಯಲ್ಲ. ಹಾಗಾಗಿ ಎಂಜಿನಿಯರಿಂಗ್ ಬಗ್ಗೆ ನನಗೆ ದೊಡ್ಡ ಅನುಮಾನವಿಲ್ಲ.

ಆದರೆ ಎರಡು ವಿಷಯ ನೆನಪಿಡಿ. 2020ರ ಜುಲೈನಲ್ಲಿ ಈ ಯೋಜನೆ ಘೋಷಣೆಯಾದಾಗ ಹೇಳಿದ ಮೊತ್ತ 500 ಕೋಟಿ ಡಾಲರ್, ಉತ್ಪಾದನೆ ಶುರುವಾಗಬೇಕಿದ್ದದ್ದು 2025ರಲ್ಲಿ. ಈಗ ಅಮೋನಿಯಾ ಮಾರುಕಟ್ಟೆಗೆ ಬರುವುದು 2027ಕ್ಕೆ ಎಂದು ಏರ್ ಪ್ರಾಡಕ್ಟ್ಸ್ ಹೇಳಿದೆ. ದೊಡ್ಡ ಯೋಜನೆಗಳಲ್ಲಿ ಇದು ಹೊಸದೇನಲ್ಲ. ಹೂಡಿಕೆದಾರನ ಲೆಕ್ಕದಲ್ಲಿ ಮಾತ್ರ ಎರಡು ವರ್ಷದ ತಡ ಎಂದರೆ ಎರಡು ವರ್ಷದ ಬಡ್ಡಿ.

ಇಲ್ಲಿ ಇಂಧನದ ಖರ್ಚು ಎಂದರೆ ಬಡ್ಡಿ

ಮಾಮೂಲಿ ಅಮೋನಿಯಾ ಕಾರ್ಖಾನೆಯಲ್ಲಿ ದೊಡ್ಡ ಖರ್ಚು ಅನಿಲದ್ದು. ಅನಿಲದ ಬೆಲೆ ಏರಿದರೆ ಖರ್ಚು ಏರುತ್ತದೆ, ಇಳಿದರೆ ಇಳಿಯುತ್ತದೆ. ಹಸಿರು ಅಮೋನಿಯಾದಲ್ಲಿ ಗಾಳಿಗೂ ಬಿಸಿಲಿಗೂ ಬಿಲ್ ಬರುವುದಿಲ್ಲ. ಪೂರ್ತಿ ದುಡ್ಡು ಮೊದಲೇ ಸುರಿಯಬೇಕು, ಆಮೇಲೆ 30 ವರ್ಷ ಅದನ್ನು ವಸೂಲಿ ಮಾಡಿಕೊಳ್ಳಬೇಕು. ಹಾಗಾಗಿ ಬೆಲೆ ನಿರ್ಧಾರವಾಗುವುದು ಬಂಡವಾಳದ ವೆಚ್ಚದಿಂದ.

840 ಕೋಟಿ ಡಾಲರ್ ಹೂಡಿಕೆಯನ್ನು 12 ಲಕ್ಷ ಟನ್‌ಗೆ ಹಂಚಿದರೆ, ವರ್ಷಕ್ಕೊಂದು ಟನ್ ತಯಾರಿಸುವ ಸಾಮರ್ಥ್ಯಕ್ಕೆ 7,000 ಡಾಲರ್. ಇದನ್ನು ಗೃಹಸಾಲದ ಇಎಂಐ ಹಾಗೆ 30 ವರ್ಷಕ್ಕೆ ಲೆಕ್ಕ ಹಾಕೋಣ. ನಿರ್ವಹಣೆಗೆಂದು ವರ್ಷಕ್ಕೆ ಬಂಡವಾಳದ ಶೇ. 2, ಅಂದರೆ 140 ಡಾಲರ್ ಸೇರಿಸಿಕೊಳ್ಳೋಣ. ಇದು ನನ್ನ ಊಹೆ, ಕಂಪನಿಯ ಅಂಕಿಯಲ್ಲ.

- ಬಂಡವಾಳದ ವೆಚ್ಚ ಶೇ. 6 ಆದರೆ: ಟನ್‌ಗೆ ಸುಮಾರು 650 ಡಾಲರ್
- ಶೇ. 8 ಆದರೆ: ಸುಮಾರು 760 ಡಾಲರ್
- ಶೇ. 10 ಆದರೆ: ಸುಮಾರು 880 ಡಾಲರ್

ಅದೇ ಗಾಳಿಯಂತ್ರ, ಅದೇ ಎಲೆಕ್ಟ್ರೋಲೈಸರ್, ಅದೇ ಮರುಭೂಮಿ. ಬಡ್ಡಿಯಲ್ಲಿ ಶೇ. 4ರ ವ್ಯತ್ಯಾಸ ಟನ್‌ಗೆ 230 ಡಾಲರ್ ಎತ್ತಿ ಇಳಿಸುತ್ತದೆ. ಸರ್ಕಾರದ ಬೆಂಬಲವಿರುವ ಸೌದಿ ಯೋಜನೆಗೆ ಅಗ್ಗದ ಸಾಲ ಸಿಗುವುದರ ಮಹತ್ವ ಇದೇ. ಬಡ್ಡಿದರ ಏರಿದ 2022–23ರಲ್ಲಿ ಜಗತ್ತಿನ ಎಷ್ಟೋ ಹೈಡ್ರೋಜನ್ ಯೋಜನೆಗಳು ತಣ್ಣಗಾಗಿದ್ದಕ್ಕೂ ಇದು ಒಂದು ಮುಖ್ಯ ಕಾರಣ.

ಇನ್ನು ಎದುರಾಳಿಯ ಬೆಲೆ. ಅಮೆರಿಕದ ಟ್ಯಾಂಪಾ ಬಂದರಿನ ಅಮೋನಿಯಾ ಒಪ್ಪಂದದ ಬೆಲೆ, ಉಕ್ರೇನ್ ಯುದ್ಧದ ನಂತರ 2022ರ ಏಪ್ರಿಲ್‌ನಲ್ಲಿ ಟನ್‌ಗೆ 1,625 ಡಾಲರ್‌ಗೆ ಏರಿತ್ತು. 2023ರ ಜುಲೈನಲ್ಲಿ 285ಕ್ಕೆ ಇಳಿಯಿತು. 1,625ರ ಎದುರು ಹಸಿರು ಅಮೋನಿಯಾ ಅಗ್ಗ, 285ರ ಎದುರು ಎರಡು-ಮೂರು ಪಟ್ಟು ದುಬಾರಿ. ಸ್ಥಿರ ವೆಚ್ಚದ ವಸ್ತುವನ್ನು ಹೀಗೆ ಏರಿಳಿಯುವ ಮಾರುಕಟ್ಟೆಯಲ್ಲಿ ಮಾರಬೇಕಾದರೆ ದೀರ್ಘಾವಧಿಯ ಖರೀದಿದಾರ ಇಲ್ಲದೆ ಆಗುವುದಿಲ್ಲ.

100 ಯೂನಿಟ್‌ನಲ್ಲಿ ಉಳಿಯುವುದೆಷ್ಟು?

ಈಗ ಹೈಡ್ರೋಜನ್ ವಾಹಕದ ವಿಷಯ. ವಾಹಕ ಎಂದರೆ ಹೊತ್ತೊಯ್ಯುವುದು. ಇಲ್ಲಿ ತುಂಬಿ ಕಳಿಸಿ, ಅಲ್ಲಿ ಇಳಿಸಿಕೊಳ್ಳುವುದು. ಈ ಎರಡೂ ಕೆಲಸಕ್ಕೆ ಶಕ್ತಿ ಖರ್ಚಾಗುತ್ತದೆ.

10,000 ಯೂನಿಟ್ ವಿದ್ಯುತ್ ಹಾಕಿ ಮಾಡಿದ ಒಂದು ಟನ್ ಅಮೋನಿಯಾದಲ್ಲಿ ಉಳಿಯುವ ಶಕ್ತಿ ಸುಮಾರು 5,200 ಯೂನಿಟ್. ಯುರೋಪಿನಲ್ಲಿ ಇಳಿಸಿ, ಹೆಚ್ಚಿನ ಉಷ್ಣತೆಯಲ್ಲಿ ಒಡೆದು ಶುದ್ಧ ಹೈಡ್ರೋಜನ್ ಮಾಡುವುದನ್ನು ಕ್ರ್ಯಾಕಿಂಗ್ ಅನ್ನುತ್ತಾರೆ. ಆ ಶಾಖವನ್ನೂ ಅಮೋನಿಯಾದಿಂದಲೇ ಪಡೆಯಬೇಕಾದಾಗ, ಕೈಗೆ ಸಿಗುವ ಹೈಡ್ರೋಜನ್‌ನಲ್ಲಿ 4,000ದಿಂದ 4,500 ಯೂನಿಟ್ ಇರುತ್ತದೆ. ಅದರಿಂದ ಮತ್ತೆ ವಿದ್ಯುತ್ ಮಾಡಿದರೆ ಅರ್ಧ. ಒಟ್ಟಿನಲ್ಲಿ 100 ಯೂನಿಟ್ ಕಳಿಸಿದರೆ ತಲುಪುವುದು 20ರ ಆಸುಪಾಸು.

ಶಕ್ತಿ ನಷ್ಟವಾಗುವುದು ತಪ್ಪೇನಲ್ಲ. ಮರುಭೂಮಿಯ ಬಿಸಿಲು ಬಳಸದಿದ್ದರೂ ವ್ಯರ್ಥವೇ. ಆದರೆ ಬಂಡವಾಳ ವ್ಯರ್ಥವಾಗುವಂತಿಲ್ಲ. ಶೇ. 8ರ ಲೆಕ್ಕದ 760 ಡಾಲರ್ ಅಮೋನಿಯಾವನ್ನು ಒಡೆದಾಗ 130–140 ಕೆಜಿ ಹೈಡ್ರೋಜನ್ ಸಿಗುತ್ತದೆ ಎಂದಿಟ್ಟುಕೊಳ್ಳಿ. ಹಡಗಿನ ಬಾಡಿಗೆ, ಕ್ರ್ಯಾಕರ್ ಖರ್ಚು ಸೇರಿಸುವ ಮೊದಲೇ ಕೆಜಿಗೆ 5 ಡಾಲರ್ ದಾಟಿತು. ಅನಿಲ ಅಗ್ಗವಿರುವ ಜಾಗಗಳಲ್ಲಿ ಮಾಮೂಲಿ ಹೈಡ್ರೋಜನ್ ಕೆಜಿಗೆ 1ರಿಂದ 2 ಡಾಲರ್‌ಗೆ ತಯಾರಾಗುತ್ತದೆ. ಈ ಅಂತರ ತುಂಬಬೇಕಾದರೆ ಕಾರ್ಬನ್ ತೆರಿಗೆ ಬೇಕು, ಇಲ್ಲವೇ ಕಡ್ಡಾಯ ಖರೀದಿ, ಇಲ್ಲವೇ ಸಬ್ಸಿಡಿ.

ಅಂಥ ಖರೀದಿದಾರರು ಇಲ್ಲವೆಂದಲ್ಲ. 2024ರ ಜೂನ್‌ನಲ್ಲಿ ಫ್ರಾನ್ಸಿನ ಟೋಟಲ್‌ಎನರ್ಜೀಸ್, 2030ರಿಂದ 15 ವರ್ಷ, ವರ್ಷಕ್ಕೆ 70,000 ಟನ್ ಹಸಿರು ಹೈಡ್ರೋಜನ್ ಕೊಳ್ಳಲು ಏರ್ ಪ್ರಾಡಕ್ಟ್ಸ್ ಜೊತೆ ಒಪ್ಪಂದ ಮಾಡಿಕೊಂಡಿತು. ತನ್ನ ರಿಫೈನರಿಗಳಿಗೆ ಬೇಕಾದ ಹೈಡ್ರೋಜನ್ ಅದು. ಒಪ್ಪಂದ ದೊಡ್ಡದೇ, ಆದರೆ ನಿಯೋಮ್‌ನ 2.19 ಲಕ್ಷ ಟನ್‌ನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಉಳಿದದ್ದಕ್ಕೆ ದಾರಿ ಹುಡುಕಬೇಕು. ಯಾರಾ ಜೊತೆಗಿನ ಮಾತುಕತೆಯನ್ನು ನಾನು ಓದುವುದು ಹೀಗೆ.

ಸಾಲಿನಲ್ಲಿ ನಿಂತಿರುವ ಕೊಳ್ಳುವವರು

ಮೊದಲನೆಯವರು ವಿದ್ಯುತ್ ಸ್ಥಾವರದವರು. ಜಪಾನಿನ ಜೆರಾ ಕಂಪನಿ 2024ರ ಏಪ್ರಿಲ್‌ನಿಂದ ಜೂನ್‌ವರೆಗೆ ಹೆಕಿನಾನ್ ಸ್ಥಾವರದ 1,000 ಮೆಗಾವ್ಯಾಟ್ ಘಟಕದಲ್ಲಿ ಕಲ್ಲಿದ್ದಲಿನ ಜೊತೆ ಶೇ. 20 ಅಮೋನಿಯಾ ಉರಿಸಿ ನೋಡಿತು. ಇಂಥ ಒಂದೇ ಘಟಕ ವರ್ಷವಿಡೀ ಹೀಗೆ ನಡೆಯಲು ಸುಮಾರು 5 ಲಕ್ಷ ಟನ್ ಬೇಕು. ಅಂದರೆ ನಿಯೋಮ್‌ನ ಇಡೀ ಉತ್ಪಾದನೆ ಎರಡೂವರೆ ಘಟಕಕ್ಕೂ ಸಾಲದು. ಬೇಡಿಕೆ ದೊಡ್ಡದು, ಆದರೆ ಜಪಾನ್ ಸರ್ಕಾರ ಬೆಲೆಯ ವ್ಯತ್ಯಾಸ ಭರಿಸುವವರೆಗೆ ಮಾತ್ರ. ಜಪಾನಿಗೆ ಹಸಿರೇ ಬೇಕೆಂದಿಲ್ಲ, ನೀಲಿಯೂ ನಡೆಯುತ್ತದೆ.

ಎರಡನೆಯವರು ಹಡಗಿನವರು. ಅಮೋನಿಯಾದಲ್ಲಿ ಓಡುವ ಎಂಜಿನ್‌ಗಳು ಬರುತ್ತಿವೆ. ಆದರೆ ಹಡಗುಗಳ ಹೊಗೆಗೆ ಜಾಗತಿಕ ದರ ಹಾಕುವ ಐಎಂಒ ಪ್ರಸ್ತಾಪದ ಮೇಲಿನ ನಿರ್ಧಾರ 2025ರ ಅಕ್ಟೋಬರ್‌ನಲ್ಲಿ ಒಂದು ವರ್ಷ ಮುಂದಕ್ಕೆ ಹೋಯಿತು. ಈ ಖರೀದಿದಾರ ಸದ್ಯಕ್ಕೆ ಬಾಗಿಲಲ್ಲೇ ನಿಂತಿದ್ದಾನೆ.

ಮೂರನೆಯವರು ಗೊಬ್ಬರದವರು. ಇವರಿಗೆ ಕ್ರ್ಯಾಕರ್ ಬೇಡ, ಹೊಸ ಎಂಜಿನ್ ಬೇಡ. ಅಮೋನಿಯಾ ಬಂದರಿಗೆ ಬಂದರೆ ಸಾಕು. ಯುರೋಪಿನ ಕಾರ್ಬನ್ ಗಡಿ ಸುಂಕ 2026ರ ಜನವರಿಯಿಂದ ಜಾರಿಗೆ ಬಂದಿದ್ದು, ಗೊಬ್ಬರ ಮತ್ತು ಅಮೋನಿಯಾ ಎರಡೂ ಅದರಡಿ ಬರುತ್ತವೆ. ಕಾರ್ಬನ್ ಜಾಸ್ತಿ ಇರುವ ಅಮೋನಿಯಾಗೆ ಅಲ್ಲಿ ಹೆಚ್ಚುವರಿ ಖರ್ಚು. 2024ರ ಜುಲೈನಲ್ಲಿ ಜರ್ಮನಿಯ ಎಚ್2ಗ್ಲೋಬಲ್ ಹರಾಜಿನಲ್ಲಿ ಫರ್ಟಿಗ್ಲೋಬ್ ಕಂಪನಿ ಈಜಿಪ್ಟಿನಿಂದ ಹಸಿರು ಅಮೋನಿಯಾವನ್ನು ಟನ್‌ಗೆ 1,000 ಯೂರೋ ದರದಲ್ಲಿ ಯುರೋಪಿಗೆ ತಲುಪಿಸಲು ಗೆದ್ದಿತು. ಸಾಗಣೆ ಮತ್ತಿತರ ಖರ್ಚು ಕಳೆದು ತಯಾರಿಕೆಯ ಬೆಲೆ 811 ಯೂರೋ.

ಗೊಬ್ಬರದ ಮಾತು ಬಂದಾಗ ಹಾಯಿಲ್‌ನಲ್ಲಿ ಕೂತವನಿಗೆ ಒಂದು ದೃಶ್ಯ ದಿನವೂ ಕಣ್ಣೆದುರು ಇರುತ್ತದೆ. ವಿಮಾನದಿಂದ ಕೆಳಗೆ ನೋಡಿದರೆ ಮರಳಿನ ನಡುವೆ ದುಂಡು ದುಂಡು ಹಸಿರು ಹೊಲಗಳು. 1980ರ ದಶಕದಿಂದ ಅಂತರ್ಜಲ ಎತ್ತಿ ಗೋಧಿ, ಆಲೂಗಡ್ಡೆ, ಮೇವು ಬೆಳೆದ ನೆಲ ಇದು. ಉತ್ತರದ ಗಣಿಗಳಿಂದ ಫಾಸ್ಫೇಟ್ ಹೊತ್ತ ಗೂಡ್ಸ್ ರೈಲು ಇದೇ ಪ್ರಾಂತ್ಯವನ್ನು ದಾಟಿ ಪೂರ್ವ ತೀರದ ರಾಸ್ ಅಲ್ ಖೈರ್‌ಗೆ ಹೋಗುತ್ತದೆ. ಅಲ್ಲಿ ಮಆದಿನ್ ಕಂಪನಿ ಅದಕ್ಕೆ ಅಮೋನಿಯಾ ಸೇರಿಸಿ ಡಿಎಪಿ ಮಾಡುತ್ತದೆ. ಆ ಡಿಎಪಿಯ ದೊಡ್ಡ ಗಿರಾಕಿ ಭಾರತ.

2025ರ ಜುಲೈನಲ್ಲಿ ಮಆದಿನ್ ಭಾರತದ ಐಪಿಎಲ್, ಕ್ರಿಬ್ಕೊ ಮತ್ತು ಸಿಐಎಲ್ ಕಂಪನಿಗಳ ಜೊತೆ, ವರ್ಷಕ್ಕೆ 31 ಲಕ್ಷ ಟನ್ ಡಿಎಪಿಯನ್ನು ಐದು ವರ್ಷ ಪೂರೈಸಲು ಒಪ್ಪಂದ ಮಾಡಿಕೊಂಡಿತು. ಡಿಎಪಿಯಲ್ಲಿ ಶೇ. 18 ಸಾರಜನಕ. ಲೆಕ್ಕ ಹಾಕಿದರೆ ಆ 31 ಲಕ್ಷ ಟನ್ ಒಳಗೆ ಸುಮಾರು 6.8 ಲಕ್ಷ ಟನ್ ಅಮೋನಿಯಾ ಅಡಗಿದೆ. ನಿಯೋಮ್ ವರ್ಷಪೂರ್ತಿ ತಯಾರಿಸುವುದರ ಅರ್ಧಕ್ಕಿಂತ ಹೆಚ್ಚು. ಹೈಡ್ರೋಜನ್ ಖರೀದಿದಾರರನ್ನು ಜಗತ್ತೆಲ್ಲ ಹುಡುಕುತ್ತಿರುವಾಗ, ಒಂದೇ ದೇಶದ ಒಂದೇ ಬಗೆಯ ಗೊಬ್ಬರದ ಒಂದೇ ಒಪ್ಪಂದದಲ್ಲಿ ಇಷ್ಟು ಅಮೋನಿಯಾ ಸದ್ದಿಲ್ಲದೆ ಹರಿಯುತ್ತಿದೆ.

ಆದರೆ ಭಾರತದ ರೈತ ಹಸಿರು ಎಂಬ ಹೆಸರಿಗೆ ಹೆಚ್ಚು ಕೊಡಲಾರ. 50 ಕೆಜಿ ಡಿಎಪಿ ಚೀಲ 1,350 ರೂಪಾಯಿ, 45 ಕೆಜಿ ಯೂರಿಯಾ ಚೀಲ 266 ರೂಪಾಯಿ 50 ಪೈಸೆ. ಉಳಿದದ್ದು ಕೇಂದ್ರದ ಸಬ್ಸಿಡಿ. ನಮ್ಮ ಮನೆಯವರು ರಾಣೆಬೆನ್ನೂರು ಕಡೆ ಮೆಕ್ಕೆಜೋಳ ಬೆಳೆಯುತ್ತಾರೆ. 2025ರ ಮುಂಗಾರಿನಲ್ಲಿ ಯೂರಿಯಾಗಾಗಿ ಸೊಸೈಟಿ ಮುಂದೆ ಎರಡು ದಿನ ಸಾಲು ನಿಂತ ಅಣ್ಣನಿಗೆ, ಅದು ಯಾವ ಬಣ್ಣದ ಅಮೋನಿಯಾದಿಂದ ಬಂತು ಎನ್ನುವುದಕ್ಕಿಂತ ಬಂತೋ ಇಲ್ಲವೋ ಎನ್ನುವುದೇ ಮುಖ್ಯವಾಗಿತ್ತು. ಹಾಗಾಗಿ ಭಾರತದಲ್ಲಿ ಹಸಿರು ಅಮೋನಿಯಾದ ನಿಜವಾದ ಖರೀದಿದಾರ ದೆಹಲಿಯ ಖಜಾನೆ.

ಆ ಖಜಾನೆಗೆ ಇದರಲ್ಲಿ ಲಾಭವೂ ಇದೆ. ಮಂಗಳೂರಿನ ಪಣಂಬೂರಿನಲ್ಲಿರುವ ಎಂಸಿಎಫ್ ಕಾರ್ಖಾನೆ ಹಿಂದೆ ನಾಫ್ತಾದಿಂದ ಅಮೋನಿಯಾ ಮಾಡುತ್ತಿತ್ತು. 2021ರ ಜನವರಿಯಲ್ಲಿ ಉದ್ಘಾಟನೆಯಾದ 450 ಕಿ.ಮೀ. ಉದ್ದದ ಕೊಚ್ಚಿ–ಮಂಗಳೂರು ಪೈಪ್‌ಲೈನ್ ಬಂದ ಮೇಲೆ ಅನಿಲಕ್ಕೆ ಬದಲಾಯಿತು. ಹೊಗೆ ಕಡಿಮೆಯಾಯಿತು, ಖರ್ಚೂ ಇಳಿಯಿತು. ಆದರೆ ಕೊಚ್ಚಿಗೆ ಬರುವುದು ಹಡಗಿನಲ್ಲಿ ಆಮದಾಗುವ ಎಲ್‌ಎನ್‌ಜಿ. ಜಗತ್ತಿನಲ್ಲಿ ಎಲ್ಲಿ ಯುದ್ಧವಾದರೂ ಅದರ ಬೆಲೆ ನಮ್ಮ ಸಬ್ಸಿಡಿ ಬಿಲ್‌ಗೆ ಬಂದು ಸೇರುತ್ತದೆ. ಹತ್ತು ವರ್ಷ ಬದಲಾಗದ ಬೆಲೆಗೆ ದೇಶದಲ್ಲೇ ಅಮೋನಿಯಾ ಸಿಕ್ಕರೆ ಅದು ಒಂದು ರೀತಿಯ ವಿಮೆ.

2025ರಲ್ಲಿ ಸೆಕಿ ನಡೆಸಿದ ಹರಾಜಿನ ಮಹತ್ವ ಇದೇ. 13 ಗೊಬ್ಬರ ಕಾರ್ಖಾನೆಗಳಿಗೆ ವರ್ಷಕ್ಕೆ 7.24 ಲಕ್ಷ ಟನ್ ಹಸಿರು ಅಮೋನಿಯಾ, ಹತ್ತು ವರ್ಷದ ಒಪ್ಪಂದ. ಮೊದಲ ಹರಾಜಿನಲ್ಲಿ ಕೆಜಿಗೆ 55 ರೂಪಾಯಿ 75 ಪೈಸೆ ಬಂತು. ಎಚ್2ಗ್ಲೋಬಲ್ ಬೆಲೆಯನ್ನು ರೂಪಾಯಿಗೆ ಪರಿವರ್ತಿಸಿದರೆ 100 ರೂಪಾಯಿ 28 ಪೈಸೆ ಆಗುತ್ತದೆಂದು ಸರ್ಕಾರವೇ ಹೋಲಿಸಿತ್ತು. ಮೊದಲ ಮೂರು ವರ್ಷ ಪ್ರೋತ್ಸಾಹಧನ, ವಿದ್ಯುತ್ ಸಾಗಣೆ ಶುಲ್ಕದಲ್ಲಿ ರಿಯಾಯಿತಿ ಸಿಗುತ್ತದೆ ಎನ್ನುವುದು ನಿಜ. ಗೆದ್ದವರು ಈ ಬೆಲೆಗೆ ಕಟ್ಟಿ ತೋರಿಸುತ್ತಾರೆಯೇ ಎಂದು ಕಾದು ನೋಡಬೇಕು ಎನ್ನುವುದೂ ನಿಜ. ಆದರೂ ಖರೀದಿದಾರ ಮೊದಲು, ಕಾರ್ಖಾನೆ ಆಮೇಲೆ ಎಂಬ ಕ್ರಮ ಸರಿಯಾಗಿದೆ.

ನಮ್ಮ ದುಡ್ಡಿನ ವಿಷಯ

ತಂತ್ರಜ್ಞಾನ ಸರಿಯಿದ್ದ ಮಾತ್ರಕ್ಕೆ ಷೇರು ಲಾಭ ಕೊಡಬೇಕೆಂದಿಲ್ಲ. ಹೈಡ್ರೋಜನ್ ಉತ್ಸಾಹ ತುದಿಯಲ್ಲಿದ್ದ 2021ರ ಜನವರಿಯಲ್ಲಿ ಪ್ಲಗ್ ಪವರ್ ಷೇರು 75 ಡಾಲರ್ ಮುಟ್ಟಿತ್ತು. 2025ರಲ್ಲಿ ಒಂದು ಡಾಲರ್‌ಗಿಂತ ಕೆಳಗೂ ಇಳಿದಿತ್ತು. ಏರ್ ಪ್ರಾಡಕ್ಟ್ಸ್ ಅಂಥ ಹೊಸ ಕಂಪನಿಯಲ್ಲ, ದಶಕಗಳ ಹಳೆಯ ಕೈಗಾರಿಕಾ ಅನಿಲ ಕಂಪನಿ. ಖರೀದಿದಾರರು ಸಿಗುವ ಮೊದಲೇ ದೊಡ್ಡ ಯೋಜನೆಗಳಿಗೆ ಕೈಹಾಕಿದ್ದರ ಬಗ್ಗೆ ಅಲ್ಲಿನ ಷೇರುದಾರರೇ ತಿರುಗಿಬಿದ್ದರು. 2025ರ ಜನವರಿಯ ವಾರ್ಷಿಕ ಸಭೆಯಲ್ಲಿ ಮುಖ್ಯಸ್ಥ ಸೈಫಿ ಘಸೆಮಿ ನಿರ್ದೇಶಕ ಸ್ಥಾನ ಕಳೆದುಕೊಂಡರು. ಮುಂದಿನ ತಿಂಗಳು ಕಂಪನಿ ಅಮೆರಿಕದ ಮೂರು ಯೋಜನೆಗಳಿಂದ ಹೊರಬಂದು, 310 ಕೋಟಿ ಡಾಲರ್‌ವರೆಗಿನ ನಷ್ಟ ತೋರಿಸುವುದಾಗಿ ಹೇಳಿತು.

ಇಕಾಮಾ ಇರುವ ನಾವು ಸೌದಿ ಷೇರುಪೇಟೆಯಲ್ಲಿ ನೇರವಾಗಿ ಕೊಳ್ಳಬಹುದು. 2021ರ ಅಕ್ಟೋಬರ್‌ನಲ್ಲಿ ಪ್ರತಿ ಷೇರಿಗೆ 56 ರಿಯಾಲ್‌ನಂತೆ ಐಪಿಒ ಮಾಡಿದ ಆಕ್ವಾ ಪವರ್ ಹೆಸರು ಹೈಡ್ರೋಜನ್ ಷೇರು ಎಂದೇ ಓಡಾಡುತ್ತದೆ. ಅದರ ವ್ಯವಹಾರದ ಬಹುಪಾಲು ವಿದ್ಯುತ್ ಮತ್ತು ಸಮುದ್ರದ ನೀರು ಸಿಹಿ ಮಾಡುವ ಘಟಕಗಳದ್ದು. ಹೈಡ್ರೋಜನ್ ಆಸೆಗೆ ಅದನ್ನು ಕೊಂಡವರು ನಿಜದಲ್ಲಿ ಕೊಂಡದ್ದು ವಿದ್ಯುತ್-ನೀರಿನ ಕಂಪನಿಯನ್ನು. ಅದು ಕೆಟ್ಟದ್ದೆಂದಲ್ಲ, ಏನು ಕೊಂಡೆವು ಎಂಬುದು ಗೊತ್ತಿರಬೇಕು.

ಊರಿನ ಸುದ್ದಿಗಳನ್ನೂ ಇದೇ ಎಚ್ಚರದಿಂದ ಓದಿ. 2022ರಲ್ಲಿ ಆಕ್ಮೆ ಕಂಪನಿ ಕರ್ನಾಟಕ ಸರ್ಕಾರದ ಜೊತೆ 52,000 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಮತ್ತು ಅಮೋನಿಯಾ ಯೋಜನೆಗೆ ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿತು. ಇಂಥ ಪತ್ರ ಒಂದು ಆಶಯ, ಯಾರನ್ನೂ ಕಟ್ಟಿಹಾಕುವುದಿಲ್ಲ. ಯಾವುದೇ ಹೈಡ್ರೋಜನ್ ಅಥವಾ ಅಮೋನಿಯಾ ಸುದ್ದಿ ಕಂಡಾಗ ನಾನು ಈ ಐದು ಪ್ರಶ್ನೆ ಕೇಳಿಕೊಳ್ಳುತ್ತೇನೆ:

1. ಇದು ತಿಳಿವಳಿಕೆ ಪತ್ರವೇ, ಅಂತಿಮ ಹೂಡಿಕೆ ನಿರ್ಧಾರವೇ, ಬ್ಯಾಂಕ್ ಸಾಲ ಸಿಕ್ಕ ಹಂತವೇ?
2. ಕೊಳ್ಳುವವರು ಯಾರು, ಎಷ್ಟು ವರ್ಷಕ್ಕೆ, ಯಾವ ಬೆಲೆಗೆ? ಅಥವಾ ಕಂಪನಿ ತನಗೆ ತಾನೇ ಮಾರಿಕೊಳ್ಳುತ್ತಿದೆಯೇ?
3. ಅವರು ಅಮೋನಿಯಾ ಆಗಿ ಬಳಸುತ್ತಾರೋ, ಒಡೆದು ಹೈಡ್ರೋಜನ್ ಮಾಡುತ್ತಾರೋ?
4. ಬೆಲೆಯ ಅಂತರ ತುಂಬುವ ಸರ್ಕಾರ ಯಾವುದು? ಚುನಾವಣೆ ಬದಲಾದರೆ ಆ ನೀತಿ ಉಳಿಯುತ್ತದೆಯೇ?
5. ಬಂಡವಾಳದ ವೆಚ್ಚ ಶೇ. 2 ಏರಿದರೂ ಯೋಜನೆ ಬದುಕುತ್ತದೆಯೇ?

ಐದರಲ್ಲಿ ಎರಡಕ್ಕೆ ಉತ್ತರ ಸಿಗದಿದ್ದರೆ ನಾನು ಮುಂದೆ ಓದುವುದಿಲ್ಲ.

ಕೆಲಸವೂ ಅಲ್ಲೇ, ಉಳಿತಾಯವೂ ಅಲ್ಲೇ ಬೇಡ

ಇತ್ತೀಚೆಗೆ ಜುಬೈಲ್‌ನಲ್ಲಿರುವ ಗೆಳೆಯರೊಬ್ಬರು ಫೋನ್ ಮಾಡಿದ್ದರು. ಕೆಮಿಕಲ್ ಎಂಜಿನಿಯರ್, 38 ವರ್ಷ, ಎಂಟು ವರ್ಷದಿಂದ ಒಂದೇ ಕಂಪನಿ. ಹಸಿರು ಅಮೋನಿಯಾ ಯೋಜನೆಯೊಂದರಿಂದ ಕೆಲಸದ ಕರೆ ಬಂದಿದೆ, ಸಂಬಳ ಶೇ. 30 ಜಾಸ್ತಿ. "ಹೇಗೂ ಆ ಕ್ಷೇತ್ರಕ್ಕೆ ಹೋಗ್ತಿದೀನಿ ಸರ್, ಉಳಿಸಿದ ದುಡ್ಡನ್ನೂ ಹೈಡ್ರೋಜನ್ ಷೇರಿಗೆ ಹಾಕ್ಲಾ?" ಅಂತ ಕೇಳಿದರು.

ಕೆಲಸಕ್ಕೆ ಹೋಗುವುದರಲ್ಲಿ ನನಗೆ ತಪ್ಪು ಕಾಣಲಿಲ್ಲ. ಅಮೋನಿಯಾ ಕಾರ್ಖಾನೆ ನಡೆಸಲು ಬರುವವರಿಗೆ ಬೂದು, ನೀಲಿ, ಹಸಿರು ಮೂರರಲ್ಲೂ ಬೇಡಿಕೆ ಇದೆ. ಹೈಡ್ರೋಜನ್ ಕನಸು ನಿಧಾನವಾದರೂ ಆ ಅನುಭವ ರಾಸ್ ಅಲ್ ಖೈರ್‌ನಲ್ಲೂ ಪಣಂಬೂರಿನಲ್ಲೂ ನಡೆಯುತ್ತದೆ. ಆದರೆ ರಾಜೀನಾಮೆಯ ಲೆಕ್ಕ ನೋಡಿಕೊಳ್ಳಿ ಎಂದೆ. ಸೌದಿ ಕಾರ್ಮಿಕ ಕಾಯ್ದೆಯಲ್ಲಿ ಸೇವಾಂತ್ಯದ ಮೊತ್ತ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ನಂತರ ವರ್ಷಕ್ಕೆ ಒಂದು ತಿಂಗಳದ್ದು. ಎಂಟು ವರ್ಷಕ್ಕೆ ಐದೂವರೆ ತಿಂಗಳ ಸಂಬಳವಾಯಿತು. ತಾವಾಗಿ ರಾಜೀನಾಮೆ ಕೊಟ್ಟರೆ, ಐದರಿಂದ ಹತ್ತು ವರ್ಷದ ಒಳಗೆ ಸಿಗುವುದು ಅದರ ಮೂರನೇ ಎರಡು ಭಾಗ. ಹತ್ತು ವರ್ಷ ತುಂಬಿದ್ದರೆ ಪೂರ್ತಿ. ಹೊಸ ಸಂಬಳದ ಹೆಚ್ಚಳದ ಎದುರು ಇದನ್ನು ಇಟ್ಟು ನೋಡಬೇಕು.

ಉಳಿತಾಯದ ವಿಷಯದಲ್ಲಿ ಮಾತ್ರ ಬೇಡವೇ ಬೇಡ ಎಂದೆ. ಯೋಜನೆ ನಿಂತರೆ ಕೆಲಸ ಹೋಗುವುದೂ ಷೇರು ಬೀಳುವುದೂ ಒಂದೇ ತಿಂಗಳಲ್ಲಿ. ಗಲ್ಫಿನಲ್ಲಿ ಕೆಲಸ ಹೋದರೆ ವೀಸಾ, ಮನೆ, ಮಕ್ಕಳ ಶಾಲೆ ಎಲ್ಲವೂ ಒಟ್ಟಿಗೆ ಅಲುಗಾಡುತ್ತವೆ. ನಿಮ್ಮ ಸಂಬಳವೇ ಆ ಕ್ಷೇತ್ರದಲ್ಲಿರುವ ನಿಮ್ಮ ಅತಿ ದೊಡ್ಡ ಹೂಡಿಕೆ. ಉಳಿತಾಯ ಅದಕ್ಕೆ ಸಂಬಂಧವಿಲ್ಲದ ಕಡೆ ಇರಲಿ: ಒಂದು ವರ್ಷದ ಖರ್ಚಿನಷ್ಟು ಎಫ್‌ಡಿ, ಉಳಿದದ್ದು ಇಡೀ ಮಾರುಕಟ್ಟೆಯನ್ನು ಹಿಡಿಯುವ ಇಂಡೆಕ್ಸ್ ಫಂಡ್. ಹೈಡ್ರೋಜನ್ ಮೇಲೆ ನಂಬಿಕೆ ಇದ್ದೇ ಇದ್ದರೆ, ಪೂರ್ತಿ ಹೋದರೂ ನಿದ್ದೆ ಕೆಡದಷ್ಟು, ಶೇ. 3ಕ್ಕಿಂತ ಹೆಚ್ಚಲ್ಲ.

ಮುಂದೆ ನಾನು ಗಮನಿಸುವ ಮೂರು ವಿಷಯ

ಯಾರಾ ಒಪ್ಪಂದ ಅಂತಿಮವಾದಾಗ ಎಷ್ಟು ಟನ್ ಅಮೋನಿಯಾ ಆಗಿಯೇ ಮಾರಾಟಕ್ಕೆ ಹೋಗುತ್ತದೆ ಎನ್ನುವುದು ಮೊದಲನೆಯದು. ಆ ಪಾಲು ದೊಡ್ಡದಾದಷ್ಟೂ ಹೈಡ್ರೋಜನ್ ವಾಹಕದ ಕಥೆ ಮುಂದಕ್ಕೆ ಹೋಯಿತು ಎಂದೇ ಅರ್ಥ. ಯೋಜನೆ ಸೋತಿತು ಎಂದಲ್ಲ, ತನಗೆ ಸರಿಹೊಂದುವ ಮಾರುಕಟ್ಟೆ ಕಂಡುಕೊಂಡಿತು ಎಂದು. ಎರಡನೆಯದು, ಸೆಕಿ ಹರಾಜಿನಲ್ಲಿ ಗೆದ್ದವರಲ್ಲಿ ಎಷ್ಟು ಜನರಿಗೆ ಬ್ಯಾಂಕ್ ಸಾಲ ಸಿಗುತ್ತದೆ ಎನ್ನುವುದು. ಮೂರನೆಯದು, ಯುರೋಪಿನ ಗಡಿ ಸುಂಕ ಗೊಬ್ಬರದ ಮೇಲೆ ಸಡಿಲವಾಗದೆ ಉಳಿಯುತ್ತದೆಯೇ ಎನ್ನುವುದು.

ಈ ಮೂರರ ಉತ್ತರ ಬರುವವರೆಗೆ ಕಾಯುವುದರಿಂದ ನಾವು ಕಳೆದುಕೊಳ್ಳುವುದು ಹೆಚ್ಚೇನಿಲ್ಲ. 30 ವರ್ಷದ ಒಪ್ಪಂದದ ಮೇಲೆ ನಿಂತ ವ್ಯಾಪಾರ ಇದು. ಒಳ್ಳೆಯದಾಗಿದ್ದರೆ ಮುಂದಿನ ವರ್ಷವೂ ಇರುತ್ತದೆ.

*ಇದು ನನ್ನ ಸ್ವಂತ ಅಭಿಪ್ರಾಯ, ಹೂಡಿಕೆ ಸಲಹೆಯಲ್ಲ. ಟನ್‌ವಾರು ವೆಚ್ಚದ ಲೆಕ್ಕ ನಾನೇ ಹಾಕಿದ ಅಂದಾಜು. ಇಲ್ಲಿ ಹೆಸರಿಸಿದ ಯಾವ ಕಂಪನಿಯ ಷೇರೂ ಇದನ್ನು ಬರೆಯುವಾಗ ನನ್ನ ಹತ್ತಿರ ನೇರವಾಗಿ ಇಲ್ಲ. ಇಂಡೆಕ್ಸ್ ಫಂಡ್‌ಗಳ ಮೂಲಕ ಅಲ್ಪಸ್ವಲ್ಪ ಇರಬಹುದು.*